ಸಂಜೆಯ ತಾಪ, ಡಾಕ್ಟರರ ಗುಳಿಗಿ

ಸಂಜೆ ಹೊತ್ತಿಗೆ ದಿನಾ ಮೈ ಬಿಸಿಯಾಗುತ್ತಿದ್ದರೆ ಮೊದಲು ಡಾಕ್ಟರರ ಹತ್ತಿರ ಹೋಗಿ. ಪಾದ್ರಿಗಳ ಹತ್ತಿರ ಆಮೇಲೆ ಹೋದರೂ ನಡೆಯುತ್ತದೆ, ಅವರು ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಈ ಎರಡನ್ನು ತಿರುಗಾಮುರುಗಾ ಮಾಡಿ, ಇನ್ನೇನು ಬಡಗಿ ಬಂದು ನನ್ನ ಶವಪೆಟ್ಟಿಗೆಗೆ ಅಳತೆ ತೆಗೆಯಬೇಕು ಎನ್ನುವಲ್ಲಿಗೆ ಮುಟ್ಟಿದ್ದೆ. ಈಗ ನನ್ನನ್ನು ನೋಡಿದವರಿಗೆ ಇವಳಿಗೆ ಒಂದು ಕಾಲದಲ್ಲಿ ಕ್ಷಯ ಆಗಿತ್ತು ಎಂದರೆ ನಗು ಬರುತ್ತದೆ, ಅಷ್ಟು ದಪ್ಪಗಿದ್ದೇನೆ. ಆದರೆ ಆಸ್ಪತ್ರೆಯ ಬೆಂಚಿನಲ್ಲಿ ಕೂತು "ನಾನು ಏನು ಪಾಪ ಮಾಡಿದ್ದೆ" ಎಂದು ಯೋಚಿಸುವವರು ಈಗಲೂ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಶಂಕರಪುರದಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಮದುವೆಯ ವಯಸ್ಸು. ಅಪ್ಪ, ಅಮ್ಮ, ಅಣ್ಣ ಫ್ರೆಡ್ಡಿ ಮತ್ತು ನಾನು. ಫ್ರೆಡ್ಡಿ ಉಡುಪಿಯ ಬಸ್ಸಿನಲ್ಲಿ ಕಂಡಕ್ಟರ್. ಉಳಿದ ಮೂವರ ಹೊಟ್ಟೆಪಾಡು ಮಲ್ಲಿಗೆ. ಬೆಳಕು ಹರಿಯುವಾಗ ಗಿಡದಿಂದ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿಟ್ಟರೆ ಕಾಪುವಿನ ಹಸನಬ್ಬ ಸೈಕಲ್ಲಿನಲ್ಲಿ ಬಂದು ಒಯ್ಯುತ್ತಿದ್ದರು. ಕಟ್ಟುವುದರಲ್ಲಿ ನನ್ನಷ್ಟು ಚುರುಕು ಕೈ ನಮ್ಮ ವಠಾರದಲ್ಲಿ ಬೇರೆ ಇರಲಿಲ್ಲ, ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ.

ಆ ಕೈ ಒಂದು ಮಳೆಗಾಲದ ಕೊನೆಯಲ್ಲಿ ನಿಧಾನವಾಯಿತು. ಸಂಜೆಯಾಯಿತೆಂದರೆ ಮೈ ಬಿಸಿ, ಬೆಳಗಾಗುವಾಗ ಬೆವರು, ನಡುವೆ ಕೆಮ್ಮು. ರವಿಕೆಗಳೆಲ್ಲ ಅಕ್ಕನದ್ದನ್ನು ಎರವಲು ತಂದ ಹಾಗೆ ಸಡಿಲವಾದವು. ನನಗೆ ಅಕ್ಕ ಇಲ್ಲ.

ಇಲ್ಲಿ ಒಂದು ಶಬ್ದದ ವಿಷಯ ಹೇಳಬೇಕು. ನಮ್ಮ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ಜ್ವರಕ್ಕೆ ತಾಪ್ ಎನ್ನುತ್ತೇವೆ. ಹಿಂದೆ ಯಾವಾಗಲೋ ಹೊರಗಿನಿಂದ ಬಂದ ಪಾದ್ರಿಗಳೊಬ್ಬರು ಕನ್ನಡದಲ್ಲಿ ಪ್ರಸಂಗ ಮಾಡುತ್ತ, ಪಶ್ಚಾತ್ತಾಪ ಎಂಬುದರಲ್ಲಿ ಪಶ್ಚಾತ್ ಎಂದರೆ ಆಮೇಲೆ ಎಂದು ಬಿಡಿಸಿ ಹೇಳಿದ್ದರಂತೆ. ತಾಪ ಎಂದರೇನೆಂದು ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಶ್ಚಾತ್ತಾಪ ಎಂದರೆ ಪಾಪ ಮಾಡಿದ ಆಮೇಲೆ ಬರುವ ಜ್ವರ. ಸಣ್ಣವಳಿರುವಾಗ ನನಗೂ ಹಾಗೆಯೇ ಕಲಿಸಿದ್ದಳು. ಶಾಲೆಗೆ ಹೋಗಿ ಹತ್ತನೆಯ ತರಗತಿ ಮುಗಿಸಿದ ಮೇಲೆ ಆ ಅರ್ಥ ತಪ್ಪೆಂದು ನನಗೆ ಗೊತ್ತಾಗಿತ್ತು. ಆದರೆ ತಲೆಗೆ ಗೊತ್ತಾದದ್ದು ಹೊಟ್ಟೆಗೆ ಇಳಿಯಬೇಕಲ್ಲ. ಸಂಜೆ ಮೈ ಕಾಯತೊಡಗಿದರೆ ನನಗೆ ಮೊದಲು ನೆನಪಾಗುತ್ತಿದ್ದದ್ದು ಥರ್ಮಾಮೀಟರ್ ಅಲ್ಲ, ನಾನು ಏನು ಮಾಡಿದೆ ಎಂಬುದೇ.

ಹಾಗಾಗಿ ಮನೆಯಲ್ಲಿ ಪಾಪ ಹುಡುಕುವ ಕೆಲಸ ಶುರುವಾಯಿತು. ಶನಿವಾರ ಬಂತೆಂದರೆ ಅಮ್ಮ ನನ್ನನ್ನು ಇಗರ್ಜಿಗೆ ಕುಮ್ಸಾರಿಗೆ ಅಟ್ಟುತ್ತಿದ್ದಳು. ಕುಮ್ಸಾರ್ ಎಂದರೆ ಪಾದ್ರಿಗಳ ಕಿವಿಯಲ್ಲಿ ನಮ್ಮ ಪಾಪ ಹೇಳಿಕೊಳ್ಳುವುದು. ಮೊದಲ ವಾರಗಳಲ್ಲಿ ತೊಂದರೆಯಾಗಲಿಲ್ಲ, ಹಳೆಯ ದಾಸ್ತಾನು ಸ್ವಲ್ಪ ಇತ್ತು. ಆಮೇಲೆ ಖಾಲಿ. ಬೆಳಗ್ಗಿನಿಂದ ಬಗ್ಗಿ ಹೂ ಕಟ್ಟುವವಳಿಗೆ ಪಾಪ ಮಾಡಲಿಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು ಮಾರಾಯ್ರೇ?

ನನ್ನದು ಮುಗಿದರೂ ತಾಪ ಇಳಿಯದಿದ್ದಾಗ ಅಮ್ಮ ಉಳಿದವರ ಕಡೆ ತಿರುಗಿದಳು. ಅಪ್ಪ ಸಂಜೆಯ ಕಳ್ಳು ಬಿಟ್ಟರು. ಫ್ರೆಡ್ಡಿ ಬಸ್ಸಿನಲ್ಲಿ ಚಂದದ ಹುಡುಗಿಯರಿಗೆ ಮಾತ್ರ ಸೀಟು ಹಿಡಿದಿಡುವುದನ್ನು ಬಿಟ್ಟು ಮುದುಕಿಯರನ್ನು ಕೈಹಿಡಿದು ಹತ್ತಿಸತೊಡಗಿದ. ಸಂಜೆಯ ಜಪಮಾಲೆಗೆ ಇಬ್ಬರೂ ಮುಖ ತೊಳೆದು ಬಂದು ಮೊಣಕಾಲೂರುತ್ತಿದ್ದರು. ನಮ್ಮ ಮನೆ ಎಷ್ಟು ಪವಿತ್ರವಾಯಿತೆಂದರೆ ಆಚೆಮನೆಯ ಕಾರ್ಮಿನ್ ಬಾಯಿಗೆ ಸಂಶಯ ಬಂದು, ಏನಾದರೂ ದೊಡ್ಡದನ್ನು ಮುಚ್ಚಿಡುತ್ತಿದ್ದೀರಾ ಎಂದು ಬೇಲಿಯ ಹತ್ತಿರ ನಿಂತು ಕೇಳಿದಳು.

ಒಂದು ಬೆಳಗ್ಗೆ ಕೆಮ್ಮಿದಾಗ ಕೈಬಟ್ಟೆಗೆ ರಕ್ತ ಬಂತು. ಪಶ್ಚಾತ್ತಾಪದಲ್ಲಿ ರಕ್ತವೂ ಉಂಟೆಂದು ಅಮ್ಮನಿಗೆ ಯಾವ ಪಾದ್ರಿಗಳೂ ಹೇಳಿರಲಿಲ್ಲ. ಫ್ರೆಡ್ಡಿಯ ಬಸ್ಸಿನಲ್ಲೇ ಉಡುಪಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಡ್ಡ ಹತ್ತಿ ಮಣಿಪಾಲದ ಆಸ್ಪತ್ರೆಗೆ ಮುಟ್ಟಿದೆವು, ಅಪ್ಪ, ಅಮ್ಮ ಮತ್ತು ನಾನು.

ಆ ಕಾಯುವ ಬೆಂಚನ್ನು ನಾನು ಮರೆಯುವುದಿಲ್ಲ. ಇಡೀ ಸಾಲು ಕೆಮ್ಮುತ್ತಿತ್ತು, ಆದರೆ ಅಲ್ಲಿ ಕಾಯಿಲೆಯವರು ಒಬ್ಬರೂ ಇರಲಿಲ್ಲ. ಕಾರ್ಕಳದ ಹೆಂಗಸಿಗೆ ಧೂಳಿನ ಕೆಮ್ಮು. ಎರ್ಮಾಳಿನ ಮೀನುಗಾರನಿಗೆ ಗಾಳಿಯ ಕೆಮ್ಮು. ನನಗೇನೆಂದು ಕೇಳಿದವರಿಗೆ ಅಮ್ಮ, ಹೂವಿನ ಪರಿಮಳದಿಂದ ಸ್ವಲ್ಪ ಗಂಟಲು ಕೆರೆತ ಎಂದಳು. ಎಲ್ಲರೂ ತಲೆ ಆಡಿಸಿದರು, ಎಲ್ಲರೂ ಮೆಲ್ಲ ಸ್ವಲ್ಪ ದೂರ ಸರಿದರು. ನಾನು ಹೆದರಿ ಅಮ್ಮನ ಸೆರಗು ಹಿಡಿದು ಕೂತಿದ್ದೆ. ಎರ್ಮಾಳಿನವ ಒಂದು ಪೆಪ್ಪರ್‌ಮಿಂಟ್ ತೆಗೆದು ಕೊಟ್ಟ. ಅವನ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಬೇಸರವಾಗುತ್ತದೆ.

ಡಾಕ್ಟರರು ಧಾರವಾಡದ ಕಡೆಯ ಎಳೆಯ ಗಂಡಸು. ಎಕ್ಸರೇ ನೋಡಿ, ಕಫ ಪರೀಕ್ಷೆಗೆ ನನ್ನನ್ನು ಹೊರಗೆ ಕಳುಹಿಸಿ, ಅಪ್ಪ ಅಮ್ಮನಿಗೆ ವಿಷಯ ತಿಳಿಸಿದರು. ಇಲ್ಲಿಂದ ಮುಂದಿನದು ನನಗೆ ಅವರಿಬ್ಬರಿಂದ ಗೊತ್ತಾದದ್ದು. ಧಾರವಾಡದವರು ಮಾತ್ರೆಗೆ ಗುಳಿಗಿ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲೂ ಗುಳಿಗೆ ಎಂದುಂಟು. ಆದರೆ ನಮ್ಮ ಕಡೆ ಮಾತಿನಲ್ಲಿ ಮಾತ್ರೆ ಎಂದರೆ ಮಾತ್ರೆಯೇ, ಗುಳಿಗ ಎಂದರೆ ದೈವ. ತುಳುವರು ನಂಬುವ, ಸಿಟ್ಟಿನ, ಹಸಿವಿನ ದೈವ. ಮರದ ಬುಡದಲ್ಲಿ ಒಂದು ಕಲ್ಲಿದ್ದರೆ ಸಾಕು, ಅಲ್ಲಿ ಅವನಿರುತ್ತಾನೆ. ಡಾಕ್ಟರರು ಅಪ್ಪನ ಮುಖವನ್ನೇ ನೋಡಿ ಹೇಳಿದ್ದು ಇಷ್ಟು:

"ಗುಳಿಗಿ ಬಿಡಬ್ಯಾಡ್ರಿ. ಜ್ವರ ಹೋತು ಅಂತ ಬಿಟ್ಟೀರಿ ಅಂದ್ರ, ತಿರುಗಿ ಬಂದು ಹಿಡೀತೈತಿ. ಆಮ್ಯಾಲೆ ಬಿಡಾಂಗಿಲ್ಲ."

ಅಪ್ಪ ಕುರ್ಚಿಯಲ್ಲಿ ಕುಸಿದರು. ಅಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಡಾಕ್ಟರರು ಪಾಪ, ಕಾಯಿಲೆಯ ಹೆಸರು ಕೇಳಿ ಹೀಗಾದರು ಎಂದುಕೊಂಡು ಇಬ್ಬರಿಗೂ ನೀರು ತರಿಸಿ ಕೊಟ್ಟರಂತೆ.

ಹಿಂದೆ ಬರುವಾಗ ಬಸ್ಸಿನಲ್ಲಿ ಅಪ್ಪ ಬಾಯಿಬಿಟ್ಟರು. ನಮ್ಮ ಮಲ್ಲಿಗೆ ತೋಟದ ಮೂಲೆಯಲ್ಲಿ, ಕಾಸರಕನ ಮರದ ಕೆಳಗೆ, ಒಂದು ಕಲ್ಲು ಇತ್ತು. ಆ ಜಾಗ ನಮ್ಮದಾಗುವುದಕ್ಕೆ ಮೊದಲೇ ಅದು ಗುಳಿಗನದು. ಅಪ್ಪ ವರ್ಷಕ್ಕೊಮ್ಮೆ ಯಾರಿಗೂ ಹೇಳದೆ ಅಲ್ಲಿ ಒಂದು ಎಳನೀರು ಇಟ್ಟು ಬರುತ್ತಿದ್ದರಂತೆ, ಅಜ್ಜನೂ ಇಡುತ್ತಿದ್ದರಂತೆ. ಅಷ್ಟು ದೂರದ ಧಾರವಾಡದ ಮನುಷ್ಯನಿಗೆ ಇದು ಹೇಗೆ ಗೊತ್ತಾಯಿತು ಎಂಬುದೇ ಅಪ್ಪನ ಚಿಂತೆ. ಎಕ್ಸರೇಯಲ್ಲಿ ಕಾಣುತ್ತದೋ ಏನೋ ಎಂದರು.

ಅಮ್ಮನಿಗೆ ಎಲ್ಲ ಸ್ಪಷ್ಟವಾಯಿತು. ಪಾಪ ಮಗಳದ್ದಲ್ಲ, ಗಂಡನದು. ಡಾಕ್ಟರರು ಎಷ್ಟು ಓದಿದವರಾದರೂ ಗುಳಿಗನನ್ನು ಬಿಡಬೇಡಿ ಎನ್ನುವುದು ದೇವರ ಕಟ್ಟಳೆಗೆ ವಿರುದ್ಧ. ಆದ್ದರಿಂದ ಆ ಒಂದು ಮಾತನ್ನು ಮೀರಬೇಕು. ಅದೇ ವಾರ ಅಪ್ಪ ಕುಮ್ಸಾರಿಗೆ ಹೋದರು, ಕಲ್ಲಿನ ಕಡೆ ತಲೆಹಾಕುವುದಿಲ್ಲ ಎಂದು ಆಣೆ ಮಾಡಿದರು. ಅದೇ ವಾರ ನಾನು ಮಾತ್ರೆ ನುಂಗಲು ಶುರು ಮಾಡಿದೆ. ಔಷಧಿ ಕೊಟ್ಟ ಕಂಪೌಂಡರು ಬೆಳಗ್ಗೆ ಇಷ್ಟು, ಸಂಜೆ ಇಷ್ಟು ಎಂದು ಹೇಳಿದ್ದರು. ಎಲ್ಲಿಯವರೆಗೆ ಎಂದು ಅವರು ಹೇಳಲಿಲ್ಲ. ಅದನ್ನು ಹೇಳಬೇಕಾದವರು ಹೇಳಿದ್ದಾರೆ ಎಂದುಕೊಂಡಿರಬೇಕು.

ಮಾತ್ರೆಯಿಂದ ಹೊಟ್ಟೆ ತೊಳಸುತ್ತಿತ್ತು. ಕಾಪುವಿನ ನರ್ಸಮ್ಮನ ಹತ್ತಿರ ದಿನಾ ಸೊಂಟಕ್ಕೆ ಇಂಜೆಕ್ಷನ್, ಕೂತರೆ ನೋವು. ನಿಂತುಕೊಂಡೇ ಊಟ ಮಾಡುತ್ತಿದ್ದೆ. ಆದರೂ ಕೆಲವು ವಾರಗಳಲ್ಲಿ ತಾಪ ಇಳಿಯಿತು, ಕೆಮ್ಮು ನಿಂತಿತು, ಬಂಗುಡೆ ಸಾರಿನ ವಾಸನೆಗೆ ಬಾಯಲ್ಲಿ ನೀರು ಬಂತು. ಯಾವುದರಿಂದ ಗುಣವಾಯಿತೆಂದು ಅಮ್ಮನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಪ್ಪ ಮನಸ್ಸು ತಿರುಗಿಸಿಕೊಂಡರು, ದೇವರು ಕ್ಷಮಿಸಿದರು, ತಾಪ ಹೋಯಿತು. ಕ್ಷಮೆ ಸಿಕ್ಕಿದ ಮೇಲೂ ಮಾತ್ರೆ ತಿನ್ನುವುದು ದೇವರನ್ನು ನಂಬದ ಹಾಗೆ ಅಲ್ವಾ ಎಂದಳು. ನನಗೂ ಆ ಕಹಿ ಸಾಕಾಗಿತ್ತು, ಬಹಳ ಭಕ್ತಿಯಿಂದ ಒಪ್ಪಿಕೊಂಡೆ. ಕಾರ್ಕಳದ ದೊಡ್ಡ ಇಗರ್ಜಿಗೆ ಹೋಗಿ, ಹರಕೆಯ ಮೇಣದಬತ್ತಿ ಉರಿಸಿ, ಬರುವಾಗ ಹೋಟೆಲಿನಲ್ಲಿ ಗೋಳಿಬಜೆ ತಿಂದು ಬಂದೆವು. ಅಪ್ಪ ನಿಧಾನಕ್ಕೆ ಕಳ್ಳಿಗೆ ಮರಳಿದರು. ಫ್ರೆಡ್ಡಿಯ ಬಸ್ಸಿನಲ್ಲಿ ಮುದುಕಿಯರು ಮತ್ತೆ ನಿಂತುಕೊಂಡೇ ಬರತೊಡಗಿದರು.

ಮಳೆ ಹಿಡಿಯುವ ಹೊತ್ತಿಗೆ ತಾಪ ಮತ್ತೆ ಬಂತು. ಈ ಸಲ ಅದು ಸಂಜೆಗೆ ಕಾಯಲಿಲ್ಲ. ಹೂ ಬಿಡಿಸಲು ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಅಮ್ಮ ಸೀದಾ ಅಪ್ಪನ ಎದುರು ಹೋಗಿ ನಿಂತಳು. ಅಪ್ಪ ಬೈಬಲ್ ಮೇಲೆ ಕೈಯಿಟ್ಟು, ಒಂದು ಹನಿ ಎಳನೀರೂ ಇಟ್ಟಿಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಹಾಗಾದರೆ ಪಾಪ ಪುನಃ ನನ್ನ ಕಡೆಯೇ ಬಂತು.

ಶನಿವಾರ ಇಗರ್ಜಿಗೆ ಏದುಸಿರು ಬಿಡುತ್ತ ಹೋದೆ. ಹೇಳಲು ಏನೂ ಇರಲಿಲ್ಲ. ಏನೂ ಹೇಳದಿದ್ದರೆ ಕ್ಷಮೆ ಇಲ್ಲ, ಕ್ಷಮೆ ಇಲ್ಲದಿದ್ದರೆ ನಾನು ಸಾಯುತ್ತೇನೆ, ನನ್ನ ಲೆಕ್ಕಾಚಾರ ಅಷ್ಟೇ. ಹಾಗಾಗಿ ಪಾಪ ಕಟ್ಟಿಕೊಂಡು ಹೋಗಿದ್ದೆ. ಕಾರ್ಮಿನ್ ಬಾಯಿಯ ಕೆಂಪು ಕೋಳಿಯನ್ನು ಕದ್ದು ಸಾರು ಮಾಡಿ ತಿಂದೆ ಎಂದೆ. ನಮ್ಮ ಪಾದ್ರಿಗಳು ವಯಸ್ಸಾದವರು, ಮಾತು ನಿಧಾನ. ಆ ಕೋಳಿ ನಿನ್ನೆಯಷ್ಟೇ ಕಾರ್ಮಿನ್ ಬಾಯಿಯ ಅಂಗಳದಲ್ಲಿ ತಮ್ಮ ಕಾಲಿಗೆ ಕುಕ್ಕಿದೆ ಎಂದರು.

ನನಗೆ ಅಳು ಬಂತು. ಅತ್ತರೆ ಕೆಮ್ಮು ಬಂತು. ಎಲ್ಲವನ್ನೂ ಹೇಳಿಬಿಟ್ಟೆ, ತಾಪ, ಅಪ್ಪನ ಎಳನೀರು, ಬಿಟ್ಟ ಮಾತ್ರೆ, ಹುಡುಕಿದರೂ ಸಿಗದ ಪಾಪ. ಅವರು ಪೂರ್ತಿ ಕೇಳಿದರು.

"ಇಷ್ಟು ತಿಂಗಳಲ್ಲಿ ನೀನು ಮಾಡಿದ ನಿಜವಾದ ಪಾಪ ಒಂದೇ, ಈಗ ಆ ಕೋಳಿಯ ಸುಳ್ಳು ಹೇಳಿದ್ದು" ಎಂದರು. "ಪಶ್ಚಾತ್ತಾಪ ಅಂದರೆ ಬೇಯುತ್ತಾ ಕೂತುಕೊಳ್ಳುವುದಲ್ಲ ಮಗಾ. ತಪ್ಪು ದಾರಿಯಲ್ಲಿ ಹೋಗುವವ ನಿಂತು ತಿರುಗುವುದು. ನೀನು ಬಿಟ್ಟು ತಿರುಗಬೇಕಾದ್ದು ಪಾಪವನ್ನಲ್ಲ. ದೇವರು ಜ್ವರ ಕಳಿಸಿ ಮಕ್ಕಳಿಂದ ತಪ್ಪು ಒಪ್ಪಿಸುವವ ಅಂತ ನಂಬಿದ್ದೀಯಲ್ಲ, ಆ ನಂಬಿಕೆ ಉಂಟಲ್ಲ, ಅದನ್ನು."

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಶನಿವಾರ ಮೊಣಕಾಲು ಸವೆಸಿದ್ದು ದಂಡವೋ ಎಂದು. ಪ್ರಾಯಶ್ಚಿತ್ತ ಏನು ಮಾಡಲಿ ಎಂದು ಗಡುಸಾಗಿಯೇ ಕೇಳಿದೆ. ಮಣಿಪಾಲಕ್ಕೆ ಹೋಗಿ ಬರುವ ತನಕ ಕುಮ್ಸಾರಿಗೆ ಕಾಲಿಡಬಾರದು, ಅದೇ ಪ್ರಾಯಶ್ಚಿತ್ತ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೈ ಆಗಲೂ ಸುಡುತ್ತಿತ್ತು. ಆದರೆ ಅದು ಬರೀ ಜ್ವರವಾಗಿತ್ತು. ಅಷ್ಟು ದಿನಗಳಲ್ಲಿ ಮೊದಲ ಸಲ, ನನಗೆ ಬರೀ ಜ್ವರ ಬಂದಿತ್ತು, ಮತ್ತು ನನಗೆ ಎಂಥ ಹಗುರವಾಯಿತೆಂದು ಹೇಳಲು ಬರುವುದಿಲ್ಲ.

ಸೋಮವಾರ ಮನೆಯಲ್ಲಿ ಹೇಳದೆ ಫ್ರೆಡ್ಡಿಯ ಬಸ್ಸಿನಲ್ಲಿ ಹೊರಟೆ. ಧಾರವಾಡದ ಡಾಕ್ಟರರು ಹೊಸ ಎಕ್ಸರೇಯನ್ನು ಬೆಳಕಿಗೆ ಹಿಡಿದು, ತುಟಿ ಬಿಗಿದು, ನನ್ನ ಕಡೆ ತಿರುಗಿದರು.

"ಗುಳಿಗಿ ಯಾಕ ಬಿಟ್ಟಿ ತಂಗಿ? ಬಿಡಬ್ಯಾಡ ಅಂತ ನಿಮ್ಮಪ್ಪಗ ಅಷ್ಟು ಹೇಳಿದ್ದೆನಲ್ಲ."

ನನಗೆ ಅರೆಕ್ಷಣ ಹಿಡಿಯಿತು. ಆಮೇಲೆ ನಗು ಬಂತು ನೋಡಿ, ಹೊಟ್ಟೆ ಹಿಡಿದು ನಕ್ಕೆ, ನಕ್ಕು ಕೆಮ್ಮಿದೆ, ಕೆಮ್ಮಿ ಮತ್ತೆ ನಕ್ಕೆ. ಕಾಯಿಲೆ ತಲೆಗೆ ಏರಿತೆಂದು ಅವರು ನರ್ಸನ್ನು ಕರೆದರು. ನಾನು ಗುಳಿಗ ಯಾರು, ಅವನ ಕಲ್ಲು ಎಲ್ಲಿ, ಅಪ್ಪ ಕುರ್ಚಿಯಲ್ಲಿ ಕುಸಿದದ್ದು ಯಾಕೆ ಎಂದು ವಿವರಿಸಿದೆ. ಡಾಕ್ಟರರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಾನು ಈ ಊರಿಗೆ ಬಂದ ಮೇಲೆ ಎಷ್ಟು ಮಂದಿಗೆ ಹಾಗೆ ಹೇಳಿರಬಹುದು ಎಂದು ಯೋಚಿಸುತ್ತ ಕೂತರು. ಅಂದಿನಿಂದ ಅವರು ಪ್ರತಿಯೊಬ್ಬರಿಗೂ ಮಾತ್ರೆ, ಮಾತ್ರೆ ಎಂದು ಮಕ್ಕಳಿಗೆ ಅಕ್ಷರ ಕಲಿಸುವ ಹಾಗೆ ಬಿಡಿಸಿ ಹೇಳುತ್ತಿದ್ದರು. ಇನ್ನು ಒಂದೂವರೆ ವರ್ಷ, ಗುಣವಾದಂತೆ ಕಂಡರೂ ನಿಲ್ಲಿಸಬಾರದು, ನಿಲ್ಲಿಸಿದರೆ ಮುಂದಿನ ಸಲ ತನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದರು. ಮನೆಯವರೆಲ್ಲ ಬಂದು ಎಕ್ಸರೇ ತೆಗೆಸಬೇಕು ಎಂದೂ ಹೇಳಿದರು.

ಮನೆಗೆ ಬಂದು ಗುಳಿಗಿಯ ಅರ್ಥ ಹೇಳಿದಾಗ ಫ್ರೆಡ್ಡಿ ನೆಲದಲ್ಲಿ ಹೊರಳಿ ನಕ್ಕ. ಅಪ್ಪನಿಗೆ ನಗುವುದೋ, ಬಿಟ್ಟುಹೋದ ಆ ವರ್ಷದ ಎಳನೀರಿನ ಬಗ್ಗೆ ಚಿಂತಿಸುವುದೋ ತಿಳಿಯಲಿಲ್ಲ. ಅಮ್ಮ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಾಳೆನಾರನ್ನು ಕೆಳಗಿಟ್ಟು ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಒಲೆಯ ಎದುರು ಕೂತು ಅಳುತ್ತಿದ್ದಳು.

"ಗುಳಿಗ ಅಲ್ಲದಿದ್ದರೆ ನಾನೇ" ಎಂದಳು. "ನೀನು ಹುಟ್ಟುವಾಗ ಬದುಕುತ್ತೀಯೋ ಇಲ್ಲವೋ ಅಂತ ಇತ್ತು. ಬದುಕಿದರೆ ಸಿಸ್ಟರ್ ಆಗಲಿಕ್ಕೆ ಕಾನ್ವೆಂಟಿಗೆ ಕೊಡ್ತೇನೆ ಅಂತ ದೇವರಿಗೆ ಹೇಳಿಕೊಂಡಿದ್ದೆ. ಆಮೇಲೆ ನಿನ್ನ ಕೈ ನೋಡಿದೆ. ಹೂ ಕಟ್ಟಲಿಕ್ಕೆ ಬೇಕು ಅಂತ ಇಟ್ಟುಕೊಂಡೆ. ಈಗ ಅವ ಕೊಂಡುಹೋಗ್ತಾನೆ."

ಅಷ್ಟು ತಿಂಗಳು ನಮ್ಮೆಲ್ಲರ ಪಾಪ ಕೆದಕಿದ್ದು ಯಾಕೆಂದು ಆಗ ಗೊತ್ತಾಯಿತು. ತನ್ನದಲ್ಲದ ಒಂದು ಕಾರಣ ಸಿಕ್ಕೀತೇ ಎಂದು ಹುಡುಕಿದ್ದಳು ಪಾಪ. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೋ ಅಷ್ಟೇ ಸಿಟ್ಟೂ ಬಂತು. ಪಾದ್ರಿಗಳು ಹೇಳಿದ್ದನ್ನೆಲ್ಲ ಹೇಳಿದೆ. ನಿನಗೆ ಹೇಳುವುದು ಸುಲಭ ಎಂದಳು. ಎಕ್ಸರೇಗೆ ಅಪ್ಪ ಬಂದರು, ಫ್ರೆಡ್ಡಿ ಬಂದ, ಅವಳು ಬರಲಿಲ್ಲ. ತನ್ನ ಎದೆಯೊಳಗೆ ಏನುಂಟೆಂದು ದೇವರು ನೋಡಿಯಾಗಿದೆ, ಇನ್ನು ಮಣಿಪಾಲದವರು ನೋಡುವುದು ಎಂತದ್ದು ಎಂದು ಹಟ ಹಿಡಿದಳು. ನನ್ನ ಬಟ್ಟಲು ತೊಳೆಯುತ್ತಿದ್ದವಳು, ರಾತ್ರಿ ಬೆನ್ನು ತಿಕ್ಕುತ್ತಿದ್ದವಳು ಅವಳೇ. ನನಗೆ ನನ್ನ ಹೆದರಿಕೆಗಿಂತ ಅವಳ ಹೆದರಿಕೆ ದೊಡ್ಡದಾಯಿತು.

ಆ ಒಂದೂವರೆ ವರ್ಷವನ್ನು ಉದ್ದ ಮಾಡುವುದಿಲ್ಲ. ಗೊತ್ತಿದ್ದವರು ಬೇಲಿಯ ಆಚೆಯಿಂದಲೇ ಮಾತಾಡಿಸಿದರು. ಇನ್ನಂಜೆಯಿಂದ ಬಂದಿದ್ದ ಒಂದು ಸಂಬಂಧ ಬಂದ ದಾರಿಯಲ್ಲೇ ಹಿಂದೆ ಹೋಯಿತು. ಸುದ್ದಿ ತಿಳಿದರೆ ಹಸನಬ್ಬ ಹೂ ಒಯ್ಯುವುದನ್ನು ನಿಲ್ಲಿಸಬಹುದೆಂದು ಅಮ್ಮ ನನ್ನನ್ನು ಒಳಗೆ ಅಡಗಿಸಿಟ್ಟಿದ್ದಳು. ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತು ಕಾಣುತ್ತದೆ. ಒಂದು ದಿನ ದುಬೈಯಿಂದ ತಮ್ಮ ತಂದ ಖರ್ಜೂರದ ಪೊಟ್ಟಣ ಜಗಲಿಯಲ್ಲಿಟ್ಟು, ತನ್ನ ತಂಗಿಗೂ ಆಗಿತ್ತು, ಈಗ ಅವಳ ಬಾಯಿಗೆ ಊರೇ ಹೆದರುತ್ತದೆ, ನಿಮ್ಮ ಮಗಳೂ ಹಾಗಾಗಲಿ ಎಂದು ಹೋದರು. ಅವರ ಹಾರೈಕೆ ಫಲಿಸಿತೆಂದು ನನ್ನ ಗಂಡ ಹೇಳುತ್ತಾರೆ.

ಹೌದು, ಗಂಡ ಸಿಕ್ಕಿದರು. ಕಟಪಾಡಿಯವರು, ಮೊದಲೇ ಎಲ್ಲ ಹೇಳಿದೆ, ಒಪ್ಪಿದರು. ಮಾತ್ರೆ ಮುಗಿಸಿ, ಎದೆ ಸ್ವಚ್ಛ ಎಂದು ಡಾಕ್ಟರರಿಂದ ಹೇಳಿಸಿಕೊಂಡೇ ಮದುವೆಯಾದೆ. ಅಮ್ಮ ಮದುವೆಯ ದಿನ ನನ್ನ ಮುಡಿಗೆ ಮಲ್ಲಿಗೆ ಇಟ್ಟು, ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮನಸ್ಸಿನಲ್ಲಿ ಆ ಹಳೆಯ ಹರಕೆ ಇನ್ನೂ ಕೂತಿದೆಯೋ, ಎದ್ದು ಹೋಯಿತೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಎಂಬತ್ತರ ದಶಕದ ನಡುವೆ, ಎರಡನೆಯ ಮಗುವಿನೊಂದಿಗೆ ತವರಿಗೆ ಹೋಗಿದ್ದೆ. ಅಮ್ಮ ಇಳಿದುಹೋಗಿದ್ದಳು. ಕುಪ್ಪಸದ ತೋಳು ಸಡಿಲವಾಗಿತ್ತು, ಮಾತಿನ ನಡುವೆ ಸಣ್ಣ ಕೆಮ್ಮು. ಮಗುವನ್ನು ಫ್ರೆಡ್ಡಿಯ ಹೆಂಡತಿಯ ಕೈಗೆ ಕೊಟ್ಟು ಅಮ್ಮನ ಹಣೆ ಮುಟ್ಟಿದೆ. ಸುಡುತ್ತಿತ್ತು. ಸಂಜೆ ಹೊತ್ತಿಗೆ ದಿನಾ ಹೀಗೆಯೇ, ಕೆಲವು ಸಮಯದಿಂದ ಉಂಟು ಎಂದಳು.

ಇವಳು ಈಗ ಮೊಣಕಾಲೂರಿ ಕೂರುತ್ತಾಳೆ, ಹರಕೆಯನ್ನು ನೆನೆಸಿಕೊಂಡು ಬೇಯುತ್ತಾಳೆ, ಬಾ ಎಂದರೆ ಬರುವುದಿಲ್ಲ, ನನ್ನನ್ನು ಬದುಕಿಸಿಕೊಂಡು ತಾನು ಹೋಗುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಹೇಗೆ ಶುರುಮಾಡುವುದು? ಜಗಳ ಮಾಡಿದರೆ ಹಟ ಹೆಚ್ಚಾಗುತ್ತದೆ. ಮೆಲ್ಲಗೆ, ಅವಳ ದಾರಿಯಿಂದಲೇ ಹೋಗುವ ಎಂದುಕೊಂಡು, ಪಾದ್ರಿಗಳ ಹತ್ತಿರ ಹೇಳಿದೆಯಾ ಎಂದು ಕೇಳಿದೆ.

ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಇಷ್ಟು ಓದಿಸಿದ್ದು ದಂಡವಾಯಿತು ಎನ್ನುವ ನೋಟ.

"ಪಾದ್ರಿಗಳಿಗೆ ಎಕ್ಸರೇ ತೆಗೀಲಿಕ್ಕೆ ಬರ್ತದಾ?" ಎಂದಳು. "ಮಣಿಪಾಲಕ್ಕೆ ಯಾರಾದರೂ ಜೊತೆಗೆ ಸಿಗಲಿ ಅಂತ ನಿನ್ನನ್ನೇ ಕಾಯ್ತಾ ಇದ್ದೆ."

ನಾನು ಅಡುಗೆಮನೆಯ ಬಾಗಿಲಿಗೆ ಒರಗಿ, ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದೆ. ಅವಳು ಆಗಲೇ ಒಳಗೆ ಹೋಗಿ ಸೀರೆ ಬದಲಿಸುತ್ತಿದ್ದಳು.